ತ್ಯಾಂಪನ ಮದಗದ ಚೀಟಿ

ಸ್ಥಳನಾಮ ಕೋಶದ ಕೆಲಸವೆಂದರೆ ಮೇಜಿನ ಮುಂದೆ ಕೂತು ಊರುಗಳ ಹೆಸರನ್ನು ಅಕಾರಾದಿಯಾಗಿ ಜೋಡಿಸುವುದು, ತಲೆಯ ಮೇಲೆ ಫ್ಯಾನು, ಹನ್ನೊಂದು ಗಂಟೆಗೆ ಚಹಾ ಎಂದು ತಿಳಿದು ಬಂದ ಮಕ್ಕಳಿಗೆ ಮೊದಲೇ ಹೇಳಿಬಿಡುತ್ತೇನೆ: ಚಹಾ ಮಾತ್ರ ನಿಜ. ಉಳಿದದ್ದೆಲ್ಲ ಕಾಲ್ನಡಿಗೆ, ಸೈಕಲ್ ಪಂಕ್ಚರು, ನಾಯಿ ಅಟ್ಟಿಸಿಕೊಂಡು ಬರುವುದು ಮತ್ತು ಯಾರದೋ ಜಗಲಿಯಲ್ಲಿ ಬೆಲ್ಲ ನೀರು ಕುಡಿದು ಕಾಯುವುದು.

ಕಳೆದ ತಿಂಗಳು ಇಬ್ಬರು ಹುಡುಗಿಯರು ಕಲ್ಯಾಣಪುರದ ನಮ್ಮ ಮನೆ ಹುಡುಕಿಕೊಂಡು ಬಂದಿದ್ದರು. ಇಂಥದೇ ಒಂದು ಕೋಶದ ಕೆಲಸಕ್ಕೆ ಹೊಸದಾಗಿ ಸೇರಿದವರು. ಒಬ್ಬಳು ನೇರವಾಗಿ ಕೇಳಿದಳು, "ಸರ್, ಇದರಿಂದ ನಿಜವಾಗಿ ಯಾರಿಗೆ ಎಂತ ಪ್ರಯೋಜನ?" ಇತಿಹಾಸಕ್ಕೆ, ಭಾಷೆಗೆ, ಮುಂದಿನ ತಲೆಮಾರಿಗೆ ಎಂದೆಲ್ಲ ಹೇಳಿ ಕಳಿಸಿದೆ. ಅವರು ಗೇಟು ದಾಟಿದ ಮೇಲೆ ನನ್ನ ಉತ್ತರಕ್ಕೆ ನನಗೇ ನಾಚಿಕೆಯಾಯಿತು. ನಿಜವಾದ ಉತ್ತರಕ್ಕೆ ಒಬ್ಬ ಹೆಂಗಸಿನ ಹೆಸರುಂಟು. ಅದನ್ನು ಇಷ್ಟು ವರ್ಷ ಯಾರಿಗೂ ಪೂರ್ತಿಯಾಗಿ ಹೇಳಿರಲಿಲ್ಲ. ಅದಕ್ಕೇ ಈ ಬರವಣಿಗೆ.

ನಾನು ಲಾರೆನ್ಸ್. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಐವತ್ತರ ದಶಕದಲ್ಲಿ ಪ್ರೈಮರಿ ಶಾಲೆಯ ಮಾಸ್ಟ್ರಾಗಿದ್ದವನು ಉಡುಪಿಯ ಕೋಶದ ಕಚೇರಿಗೆ ಅರ್ಜಿ ಹಾಕಿದೆ. ಕಚೇರಿ ಎಂದರೆ ಪಾತ್ರೆ ಅಂಗಡಿಯ ಮೇಲಿನ ಎರಡು ಕೋಣೆ. ಕೆಳಗೆ ಹಂಡೆ ಬಡಿಯುವ ಸದ್ದು, ಮೇಲೆ ನುಸಿಗುಳಿಗೆಯ ವಾಸನೆ. ಸಂಪಾದಕರು ಅನಂತ ಉಪಾಧ್ಯಾಯರು. ಸಂದರ್ಶನಕ್ಕೆ ನಾನು ವ್ಯಾಕರಣ, ಛಂದಸ್ಸು ಎಲ್ಲ ಓದಿಕೊಂಡು ಹೋಗಿದ್ದರೆ ಅವರು ಕೇಳಿದ್ದು ಮೂರೇ ಪ್ರಶ್ನೆ. "ತುಳು ಬರ್ತದಾ? ಸೈಕಲ್ ಉಂಟಾ? ಸಿಟ್ಟು ಎಷ್ಟುಂಟು?" ಸಿಟ್ಟು ಸ್ವಲ್ಪ ಜಾಸ್ತಿಯೇ ಎಂದೆ. "ಪರವಾಗಿಲ್ಲ, ಬಿಸಿಲಿಗೆ ಇಳೀತದೆ," ಎಂದರು. ಇಳಿಯಲಿಲ್ಲ, ಅದು ಬೇರೆ ಮಾತು.

ಕೋಶದಲ್ಲಿ ಊರುಗಳ ಹೆಸರು ಮಾತ್ರ ಇರುವುದಲ್ಲ. ಊರ ಒಳಗಿನ ಗುಡ್ಡೆ, ಬೈಲು, ಕೆರೆ, ಕಟ್ಟೆ, ಬಂಡೆ, ಹೊಳೆಯ ತಿರುವು, ಎಲ್ಲಕ್ಕೂ ಹೆಸರುಂಟು. ಪ್ರತಿ ಹೆಸರಿಗೂ ಒಂದೊಂದು ಚೀಟಿ, ಪೋಸ್ಟ್ ಕಾರ್ಡಿನಷ್ಟು ದೊಡ್ಡದು. ಅದರಲ್ಲಿ ಹೆಸರು, ಅದು ಯಾವುದರ ಮೂಡಿಗೆ, ಯಾವುದರ ಪಡುವಿಗೆ, ಎಂಥ ಜಾಗ, ಬೇರೆ ಹೆಸರುಂಟೇ, ಹಳೆಯ ಕಾಗದಗಳಲ್ಲಿ ಬರುತ್ತದೆಯೇ ಎಂದು ಬರೆಯಬೇಕು. ಕೆಳಗೆ ಸಾಕ್ಷಿಗಳಿಗೆ ಮೂರು ಗೆರೆ.

ಇದರ ಉಪಯೋಗ ನನಗೆ ತಿಳಿದದ್ದು ಸೇರಿದ ಮೊದಲ ವರ್ಷವೇ. ಅಣ್ಣತಮ್ಮಂದಿರಿಬ್ಬರು ಅಜ್ಜನ ಕಾಲದ ಕಾಗದ ಹಿಡಿದುಕೊಂಡು ಜಗಳವಾಡುತ್ತ ಮಾಳಿಗೆ ಹತ್ತಿ ಬಂದರು. ಕಾಗದದಲ್ಲಿ ಒಂದು ಗದ್ದೆಯ ಹೆಸರುಂಟು, ಸರ್ವೆ ನಂಬರಿಲ್ಲ. ಅಣ್ಣ ಹೇಳುವುದು ಮನೆಯ ಎದುರಿನ ಗದ್ದೆ ಎಂದು, ತಮ್ಮ ಹೇಳುವುದು ತೋಡಿನ ಆಚೆಯದು ಎಂದು. ಚೀಟಿ ತೆಗೆದು ನೋಡಿದರೆ ಎರಡೂ ಅಲ್ಲ, ಆ ಹೆಸರಿನ ಗದ್ದೆ ಅವರ ಚಿಕ್ಕಪ್ಪ ಮೂವತ್ತು ವರ್ಷದಿಂದ ಉಣ್ಣುತ್ತಿದ್ದ ಮೂರನೆಯ ಗದ್ದೆ! ಬರುವಾಗ ವೈರಿಗಳಂತೆ ಬಂದವರು ಹೋಗುವಾಗ ಒಂದೇ ಕೊಡೆಯಲ್ಲಿ ಹೋದರು. ಉಪಾಧ್ಯಾಯರು ಅಂದು ಹೇಳಿದರು, "ನೋಡು ಲಾರೆನ್ಸ್, ಕಾಗದದಲ್ಲಿರುವ ಹೆಸರನ್ನು ನೆಲಕ್ಕೆ ಕಟ್ಟುವ ಹಗ್ಗ ನಾವು. ಹಗ್ಗ ತುಂಡಾಯಿತೋ, ಕಾಗದ ಗಾಳಿಗೆ ಹೋಯ್ತು." ಆ ಮಾತು ನಾನು ಡೈರಿಯಲ್ಲಿ ಬರೆದಿಟ್ಟೆ. ಬರೆದಿಟ್ಟದ್ದು ಮಾತ್ರ.

ಮೊದಮೊದಲು ನಮ್ಮ ಕೆಲಸದ ಕ್ರಮ ಸುಲಭವಿತ್ತು. ಮದರಾಸು ಸರಕಾರದ ಕಾಲದ ಇಂಗ್ಲಿಷ್ ಪಟ್ಟಿಗಳನ್ನು ನಕಲು ಮಾಡಿಕೊಂಡು ಹಳ್ಳಿಗೆ ಹೋಗುವುದು, ಒಂದೊಂದೇ ಹೆಸರು ಓದಿ ಹೌದೋ ಅಲ್ಲವೋ ಎಂದು ಕೇಳುವುದು, ಗುರುತು ಹಾಕುವುದು. ದಿನಕ್ಕೆ ಐವತ್ತು ಹೆಸರು ಮುಗಿಸಿ ಮೀಸೆ ತಿರುವುತ್ತ ಬರುತ್ತಿದ್ದೆ. ಆ ಮೀಸೆ ಮಣ್ಣಾದದ್ದು ಕಾಪುವಿನಲ್ಲಿ.

ಕಾಪುವಿನ ದೀಪಸ್ತಂಭದಿಂದ ತೆಂಕಿಗೆ, ಸಮುದ್ರದಂಚಿನಲ್ಲಿ ಒಂದು ದೊಡ್ಡ ಬಂಡೆ. ನನ್ನ ಪಟ್ಟಿಯಲ್ಲಿ 'ಆನೆಕಲ್ಲು' ಎಂದಿತ್ತು. ಬಲೆ ಬಿಡಿಸುತ್ತಿದ್ದ ನಾಲ್ಕು ಜನ ಮೊಗವೀರರನ್ನು ಕೇಳಿದೆ, "ಇದು ಆನೆಕಲ್ಲು ಅಲ್ವಾ?" "ಹೌದು ಮಾಸ್ಟ್ರೇ." "ಎಲ್ಲರೂ ಹಾಗೇ ಹೇಳುವುದಾ?" "ಹೌದೌದು, ನೀವು ಹೇಳಿದ ಹಾಗೇ." ಗುರುತು ಹಾಕಿದೆ. ಮಾದರಿ ಪುಟಗಳು ಅಚ್ಚಾಗಿ ಉಡುಪಿಯ ವಿದ್ವಾಂಸರ ಸಭೆಯಲ್ಲಿ ಉಪಾಧ್ಯಾಯರು ಓದಿದರು. ಆನೆಕಲ್ಲಿನ ಮೇಲೆ ಒಂದು ಚಂದದ ವಿವರಣೆಯೂ ಕೊಟ್ಟರು. ಹಿಂದಿನ ಸಾಲಿನಲ್ಲಿ ಮೀನಿನ ಸೊಸೈಟಿಯ ಮುದುಕರೊಬ್ಬರು ಕೂತಿದ್ದರು. ಎದ್ದು ನಿಂತು, "ಸ್ವಾಮೀ, ಅದಕ್ಕೆ ನಾವು ಅಜ್ಜಿಕಲ್ಲು ಅಂತ ಹೇಳುದು. ಆನೆಕಲ್ಲು ಅಲ್ಲಿಂದ ಎರಡು ಮೈಲು ಬಡಗಿಗೆ," ಎಂದರು. ಸಭೆಯೆಲ್ಲ ನಕ್ಕಿತು. ಉಪಾಧ್ಯಾಯರ ಮುಖ ಕೆಂಪಾಯಿತು.

ಮರುದಿನ ಕಾಪುವಿಗೆ ಓಡಿದೆ. ಅದೇ ಬಲೆ, ಅದೇ ಜನ. "ಅಲ್ಲ ಮಾರಾಯ್ರೆ, ಮೊನ್ನೆ ಹೌದು ಅಂತ ಯಾಕೆ ಹೇಳಿದ್ರಿ?" ಅವರಲ್ಲಿ ಒಬ್ಬ ಬಲೆಯಿಂದ ಕಣ್ಣೆತ್ತದೆ ಹೇಳಿದ, "ಬಿಸಿಲಿಗೆ ಸೈಕಲ್ ಮೆಟ್ಟಿಕೊಂಡು ಬಂದಿದ್ರಿ. ಕಾಗದದಲ್ಲಿ ಬರೆದುಕೊಂಡೇ ಬಂದಿದ್ರಿ. ಅಲ್ಲ ಅಂದ್ರೆ ನಿಮಗೆ ಬೇಜಾರು ಆಗುದಿಲ್ವಾ?"

ನಮ್ಮ ಜನರ ದಾಕ್ಷಿಣ್ಯವೇ ಹಾಗೆ. ಮನೆಗೆ ಬಂದವರ ಮುಖ ಸಣ್ಣದಾಗಬಾರದು ಎಂದು ಬಂಡೆಯ ಹೆಸರನ್ನೇ ಬಿಟ್ಟುಕೊಟ್ಟಾರು. ಉಪಾಧ್ಯಾಯರು ಬೈಯಲಿಲ್ಲ. ಮೂರನೆಯ ದಿನ ಗೋಡೆಗೆ ಒಂದು ಕಾಗದ ಅಂಟಿಸಿದರು. ಪಟ್ಟಿ ಹಿಡಿದು ಹೋಗಬಾರದು. ಹೆಸರನ್ನು ನಾವು ಮೊದಲು ಉಚ್ಚರಿಸಬಾರದು. ಮೂವರು ಸಾಕ್ಷಿ ಬೇಕು: ಒಬ್ಬರು ಪಟೇಲರು ಅಥವಾ ಶ್ಯಾನುಭೋಗರು, ಒಬ್ಬರು ಹತ್ತಿರದಲ್ಲಿ ಬೇಸಾಯ ಮಾಡುವವರು, ಮೂರನೆಯವರು ಅದೇ ಜಾಗದಲ್ಲಿ ಒಲೆ ಹಚ್ಚಿ ವಾಸ ಮಾಡುವವರು. ಮೂವರೂ ತಮ್ಮ ಬಾಯಿಂದಲೇ ಹೆಸರು ಹೇಳಬೇಕು. ಒಬ್ಬರು ಹೇಳದಿದ್ದರೂ ಚೀಟಿ ಸಂಶಯದ ಕಟ್ಟಿಗೆ. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು: ವಿಶೇಷ ಸಂಗತಿಯಿದ್ದರೆ ಚೀಟಿಯ ಹಿಂಬದಿಯಲ್ಲಿ ಬರೆಯತಕ್ಕದ್ದು.

ಈ ನಿಯಮಗಳಿಗೆ ಕಾರಣ ನಾನೇ ಎಂದು ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಗುಮಾಸ್ತರು ನನ್ನನ್ನು ಕಂಡರೆ "ಎಂತ ಲಾರೆನ್ಸ್, ಆನೆ ಬಂತಾ?" ಎಂದು ಕೇಳುವವರು. ಹಾಗಾಗಿ ನಿಯಮ ಪಾಲಿಸುವುದರಲ್ಲಿ ನನ್ನಷ್ಟು ಕಟ್ಟುನಿಟ್ಟಿನ ಮನುಷ್ಯ ಇನ್ನೊಬ್ಬನಿರಲಿಲ್ಲ. ಬಿಸಿ ಹಾಲಿನಲ್ಲಿ ಬಾಯಿ ಸುಟ್ಟವ ಮಜ್ಜಿಗೆಯನ್ನೂ ಊದಿ ಕುಡಿದ ಎನ್ನುತ್ತಾರಲ್ಲ, ಅದು ನಾನೇ. ಸಣ್ಣ ಅಕ್ಷರದ ಆ ಕೊನೆಯ ಸಾಲನ್ನು ಮಾತ್ರ ನಾನು ಲೆಕ್ಕಕ್ಕೆ ಹಿಡಿಯಲಿಲ್ಲ.

ಇಲ್ಲಿ ನನ್ನ ಹೆಂಡತಿ ಸಿಸಿಲಿಯಾಳ ಒಂದು ಸಂಗತಿ ಹೇಳಬೇಕು. ನಗಲಿಕ್ಕಲ್ಲ, ಮುಂದೆ ಬೇಕಾಗುತ್ತದೆ. ವೋಟರ್ ಪಟ್ಟಿಯವರು ಒಮ್ಮೆ ಮನೆಗೆ ಬಂದಾಗ ನಾನಿರಲಿಲ್ಲ. "ಯಜಮಾನರ ಹೆಸರು ಎಂತ ಅಮ್ಮ?" ಎಂದು ಕೇಳಿದ್ದಾರೆ. ಇವಳು ಸುಮ್ಮನೆ ಒಳಗೆ ಹೋದಳು, ನನಗೆ ಬಂದ ಒಂದು ಕಾಗದ ತಂದು ವಿಳಾಸದ ಮೇಲೆ ಬೆರಳಿಟ್ಟು ತೋರಿಸಿದಳು. ನಮ್ಮಲ್ಲೂ ಹಾಗೆಯೇ, ತುಳುವರಲ್ಲೂ ಹಾಗೆಯೇ, ಆ ಕಾಲದ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಹೇಳಿದರೆ ಗಂಡನ ಆಯುಸ್ಸು ಕಡಿಮೆಯಾಗುತ್ತದೆ ಎಂಬ ನಂಬಿಕೆ; ಗಂಡ ಸತ್ತ ಮೇಲೂ ಆ ರೂಢಿ ಬಿಡುವುದಿಲ್ಲ. ನನ್ನ ಅಮ್ಮ ಇಗರ್ಜಿಯಲ್ಲಿ ನನ್ನ ಅಪ್ಪನ ಹೆಸರಿನ ಸಂತನಿಗೆ ಪ್ರಾರ್ಥನೆ ಬಂದಾಗ ತುಟಿ ಮುಚ್ಚಿಕೊಳ್ಳುತ್ತಿದ್ದಳು. ಇಂಥ ಮನೆಯಲ್ಲಿ ಹುಟ್ಟಿ ಬೆಳೆದವ ನಾನು. ಗೊತ್ತಿರಲಿಲ್ಲ ಎಂದು ಹೇಳಿದರೆ ದೇವರು ಮೆಚ್ಚಲಿಕ್ಕಿಲ್ಲ.

ರಾಜ್ಯಗಳ ಪುನರ್ವಿಂಗಡಣೆಯಾಗಿ ನಾವು ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು. ಕಾರ್ಕಳ ತಾಲೂಕಿನ ಹಳ್ಳಿಗಳು ನನ್ನ ಪಾಲಿಗೆ ಬಂದವು. ಕಾರ್ಕಳದಿಂದ ನಿಟ್ಟೆಗೆ ಹೋಗುವ ದಾರಿಯಲ್ಲಿ ಒಳಗೆ ಎರಡು ಮೈಲು ನಡೆದರೆ ಒಂದು ಕಲ್ಲಿನ ಗುಡ್ಡೆ. ಗುಡ್ಡೆಯ ಅರ್ಧಕ್ಕೆ, ಎರಡು ಬಂಡೆಗಳ ನಡುವಿನ ತಗ್ಗಿಗೆ ಅಡ್ಡವಾಗಿ ಕಲ್ಲು ಮಣ್ಣಿನ ದಂಡೆ ಕಟ್ಟಿ ಮಳೆನೀರು ನಿಲ್ಲಿಸಿದ್ದರು. ನಮ್ಮ ಕಡೆ ಅಂಥ ಸಣ್ಣ ಕೆರೆಗೆ ಮದಗ ಎನ್ನುತ್ತೇವೆ. ಗುಡ್ಡೆಯ ಕೆಳಗಿನ ಮನೆಗಳಿಗೆ ಬೇಸಿಗೆಯಲ್ಲಿ ಅದೇ ನೀರು. ಮದಗದ ಮೂಡು ಬದಿಯಲ್ಲಿ ಒಂದೇ ಒಂದು ಮನೆ, ಮುಳಿಹುಲ್ಲು ಹೊದಿಸಿದ ಮಾಡು.

ಪಟೇಲರು ಮುದುಕರು, ಒಳ್ಳೆಯವರು. "ಅದಾ? ತ್ಯಾಂಪನ ಮದಗ," ಎಂದು ಎಲೆಯಡಿಕೆ ಉಗಿದು ಹೇಳಿದರು. "ತ್ಯಾಂಪ ಅಂತ ನಮ್ಮ ಒಕ್ಕಲಿನವ. ಗದ್ದೆ ಕೆಲಸ ಮುಗಿಸಿ ಬಂದು ದಿನಾ ನಾಲ್ಕು ಕಲ್ಲು ಇಡ್ತಿದ್ದ. ಹತ್ತು ವರ್ಷ ಇಟ್ಟ ಮಾರಾಯ. ನನ್ನ ಮಾವನವರು ಮೆಚ್ಚಿ ಮದಗವೂ ಮನೆ ಅಡಿಯ ಜಾಗವೂ ಅವನಿಗೇ ಅಂತ ಹಕ್ಕಿನ ಕಾಗದ, ಚೀಟು, ಬರೆದುಕೊಟ್ಟಿದ್ದಾರೆ." ಒಂದು ಸಾಕ್ಷಿಯಾಯಿತು. ಕೆಳಗಿನ ಗದ್ದೆಯಲ್ಲಿ ಉಳುತ್ತಿದ್ದ ಮುದ್ದಣ್ಣ ಎಂಬವನನ್ನು ಕೇಳಿದೆ. ಅವನೂ ನೊಗಕ್ಕೆ ಕೈಯಿಟ್ಟು ನಿಂತು ತ್ಯಾಂಪನ ಮದಗ ಎಂದ. ಎರಡಾಯಿತು. ಮೂರನೆಯದಕ್ಕೆ ಗುಡ್ಡೆ ಹತ್ತಿದೆ.

ಅಂಗಳದಲ್ಲಿ ಹುರುಳಿ ಒಣಗಿಸುತ್ತಿದ್ದ ಹೆಂಗಸಿಗೆ ಐವತ್ತರ ಹತ್ತಿರ ಪ್ರಾಯ. ಹೆಸರು ಅಪ್ಪಿ, ಎಲ್ಲರಿಗೂ ಅಪ್ಪಿಯಕ್ಕ. ಮಕ್ಕಳಿಲ್ಲ. ಗಂಡ ಸತ್ತು ನಾಲ್ಕು ವರ್ಷ. ತುಳುವಿನಲ್ಲಿ ಮಾತಾಡಿದ್ದು, ಕನ್ನಡದಲ್ಲಿ ಬರೆಯುತ್ತಿದ್ದೇನೆ. "ಬನ್ನಿ ಪೊರ್ಬುಗಳೇ, ಕೂತುಕೊಳ್ಳಿ," ಎಂದಳು. ನಮ್ಮ ಜಾತಿಯವರನ್ನು ತುಳುವರು ಹಾಗೆ ಕರೆಯುವುದು. ನೀರು ಕೊಟ್ಟಳು, ಬೆಲ್ಲ ಕೊಟ್ಟಳು. ನಾನು ಚೀಟಿ ತೆಗೆದೆ.

"ಅಪ್ಪಿಯಕ್ಕ, ಈ ನೀರಿನ ಜಾಗಕ್ಕೆ ಎಂತ ಹೆಸರು?"

ಅವಳು ನಕ್ಕಳು. ಸೆರಗಿನ ತುದಿ ಬಾಯಿಗೆ ಹಿಡಿದುಕೊಂಡಳು. "ನಿಮಗೆ ಕೆಳಗೆ ಹೇಳಿರಬೇಕಲ್ವಾ?"

"ಕೆಳಗೆ ಹೇಳಿದ್ದಾರೆ. ನೀವೂ ಹೇಳಬೇಕು."

"ಅದು ಮಾಡಿದವರ ಹೆಸರೇ ಅದಕ್ಕೆ."

"ಮಾಡಿದವರು ಯಾರು?"

ಅವಳು ಎದ್ದು ಹೋಗಿ ದಂಡೆಯ ಮೇಲೆ ನಿಂತಳು. ದಂಡೆಯ ತುದಿಯ ಒಂದು ಚಪ್ಪಟೆ ಕಲ್ಲಿನ ಮೇಲೆ ಕೈಯಿಟ್ಟಳು. "ದಿನಾ ಕೆಲಸ ಮುಗಿಸಿ ಇಲ್ಲಿ ಕೂತುಕೊಳ್ಳುತ್ತಿದ್ದರು, ನೋಡಿ. ಅವರೇ."

"ಅವರ ಹೆಸರು?"

ಮತ್ತೆ ನಗು. ಈ ಸಲ ನಗುವಿನಲ್ಲಿ ಸ್ವಲ್ಪ ಬೇಡಿಕೆ ಇತ್ತು. ಪೊರ್ಬುಗಳೇ, ನಿಮಗೆ ಗೊತ್ತುಂಟಲ್ಲ, ನೀವೇ ಹೇಳಿ, ನಾನು ಹೂಂ ಎನ್ನುತ್ತೇನೆ ಎಂಬ ಬೇಡಿಕೆ. ನನಗದು ಅರ್ಥವಾಯಿತು. ಆ ಕ್ಷಣದಲ್ಲೇ, ಪೂರ್ತಿಯಾಗಿ ಅರ್ಥವಾಯಿತು. ಆದರೆ ನಾನು ಹೇಳಿಕೊಡುವ ಹಾಗಿಲ್ಲ. ಬಾಯಿ ತೆರೆದರೆ ಗುಮಾಸ್ತರ ಆನೆ ಕಣ್ಣೆದುರು ಬರುತ್ತಿತ್ತು. ಕಾರ್ಕಳಕ್ಕೆ ನಾಲ್ಕು ಗಂಟೆಯ ಬಸ್ಸು ಬೇರೆ ಇತ್ತು. ಮೂರನೆಯ ಗೆರೆಯ ಮೇಲೆ 'ಅಪ್ಪಿ, ನಿವಾಸಿ, ಹೆಸರು ಹೇಳಲಿಲ್ಲ' ಎಂದು ಬರೆದು ಪೆನ್ನು ಮುಚ್ಚಿದೆ.

"ಆಯ್ತಾ?" ಎಂದು ಕೇಳಿದಳು.

"ಆಯ್ತು."

"ಪುಸ್ತಕದಲ್ಲಿ ಬರ್ತದಾ?"

"ನೋಡುವ," ಎಂದೆ.

ಅವಳು ಸಂತೋಷದಿಂದ ಒಂದು ಸೇರು ಹುರುಳಿ ಕಟ್ಟಿಕೊಟ್ಟಳು. ನಾನು ಅದನ್ನು ತಂದೆ, ಸಿಸಿಲಿಯಾ ಸಾರು ಮಾಡಿದಳು, ಉಂಡೆವು.

ಆಮೇಲೆ ಕಚೇರಿ ಮಣಿಪಾಲಕ್ಕೆ ಹೋಯಿತು. ಆಗಿನ ಮಣಿಪಾಲ ಎಂದರೆ ಕೆಂಪುಕಲ್ಲಿನ ಬೋಳು ಗುಡ್ಡೆ, ಅಲ್ಲಲ್ಲಿ ಹೊಸ ಕಟ್ಟಡ, ಚೀಟಿ ಹಾರಿಸಿಕೊಂಡು ಹೋಗುವ ಗಾಳಿ. ಮೇಜಿನ ಮೇಲೆ ಭಾರಕ್ಕೆಂದು ಎಲ್ಲರೂ ಒಂದೊಂದು ಕಲ್ಲು ಇಟ್ಟುಕೊಂಡಿದ್ದೆವು. ಒಪ್ಪಿದ ಚೀಟಿಗಳಿಗೆ ಕೆಂಪು ನೂಲು, ಸಂಶಯದವಕ್ಕೆ ಗೋಣಿದಾರ. ಅಚ್ಚಿಗೆ ಕೊಡುವ ಮೊದಲು ಉಪಾಧ್ಯಾಯರು ಗೋಣಿದಾರದ ಕಟ್ಟನ್ನು ನನ್ನ ಮುಂದಿಟ್ಟು ಕೇಳಿದರು, "ಲಾರೆನ್ಸ್, ಇದರಲ್ಲಿ ಇನ್ನೊಮ್ಮೆ ಹೋಗಿ ಕೇಳಬೇಕಾದ್ದು ಯಾವುದಾದ್ರೂ ಉಂಟಾ?" ನಾನು ಕಟ್ಟು ಬಿಚ್ಚಲೂ ಇಲ್ಲ. "ಎಂತದೂ ಇಲ್ಲ ಸರ್," ಎಂದೆ. ಸಂಪುಟ ಅಚ್ಚಾಯಿತು, ಹಾರ ತುರಾಯಿ ಆಯಿತು. ತಾಲೂಕು ಕಚೇರಿಗಳೂ ಒಂದೊಂದು ಪ್ರತಿ ತೆಗೆದುಕೊಂಡವು. ಅದು ನಮಗೆ ಹೆಮ್ಮೆಯ ಸಂಗತಿಯಾಗಿತ್ತು.

ಅರವತ್ತರ ದಶಕದ ನಡುವಿನಲ್ಲಿ ಒಂದು ದಿನ ಕಾರ್ಕಳದ ಬಸ್ಸಿನ ಕಂಡಕ್ಟರೊಬ್ಬ ಮಣಿಪಾಲದ ಕಚೇರಿಗೆ ಬಂದು, "ಪುಸ್ತಕ ಮಾಡಿದ ಪೊರ್ಬುಗಳು ಯಾರು?" ಎಂದು ಕೇಳಿದ. ಅಪ್ಪಿಯಕ್ಕ ಹೇಳಿ ಕಳಿಸಿದ್ದಳು. ಆ ಗುಡ್ಡೆಯನ್ನು ಕಲ್ಲು ಒಡೆಯುವ ಕೋರೆಗೆ ಕೊಡುವುದೆಂದಾಗಿತ್ತು. ಮನೆ ಬಿಡಬೇಕು, ಮದಗ ಒಡೆಯುತ್ತಾರೆ. ಪಟೇಲರ ಮಾವ ಬರೆದುಕೊಟ್ಟ, ಸರ್ವೆ ನಂಬರಿಲ್ಲದ ಚೀಟು ಹಿಡಿದುಕೊಂಡು ಹೋದರೆ ತಾಲೂಕು ಕಚೇರಿಯಲ್ಲಿ ಜಾಗ ಯಾವುದೆಂದು ಕೇಳುತ್ತಾರಂತೆ. ಪೊರ್ಬುಗಳು ಬಂದರೆ ಹೇಳಿಯಾರು, ಅವರು ಬರೆದುಕೊಂಡು ಹೋಗಿದ್ದಾರಲ್ಲ.

ಗೋಣಿದಾರದ ಕಟ್ಟು ಬಿಚ್ಚಿ ಆ ಚೀಟಿ ಹುಡುಕಿ ಜೇಬಿಗೆ ಹಾಕಿಕೊಂಡು ಹೋದೆ.

ತಾಲೂಕು ಕಚೇರಿಯಲ್ಲಿ ವಿಚಾರಣೆ ಮಾಡಿದ ಅಧಿಕಾರಿ ಪ್ರಾಯದವರು, ಮರ್ಯಾದಸ್ಥರು, ಅಪ್ಪಿಯಕ್ಕನಿಗೆ ಬೆಂಚು ಹಾಕಿಸಿದ್ದರು. ಹಳೆಯ ಪಟೇಲರು ತೀರಿಕೊಂಡಿದ್ದರು. ಅವರ ಜಾಗಕ್ಕೆ ಬಂದ ಅಳಿಯ ಕೋರೆಯವರ ಪಕ್ಕವೇ ಕೂತು, ಮದಗದ ಹೆಸರು ತನಗೆ ಗೊತ್ತಿಲ್ಲ ಎಂದ. ಮುದ್ದಣ್ಣ ಮುಂಬಯಿಯ ಯಾವುದೋ ಹೋಟೆಲು ಸೇರಿದ್ದ. ಕೋರೆಯವರ ವಕೀಲರು ಮೇಜಿನ ಮೇಲೆ ಒಂದು ದಪ್ಪ ಪುಸ್ತಕ ಇಟ್ಟರು. ನೋಡಿದರೆ ನಮ್ಮದೇ ಸಂಪುಟ.

"ಈ ಗ್ರಾಮದ ಒಂದೊಂದು ಬಂಡೆಯ ಹೆಸರೂ ಇದರಲ್ಲುಂಟು," ಎಂದರು ವಕೀಲರು. "ಚೀಟಿನಲ್ಲಿ ಹೇಳಿದ ತ್ಯಾಂಪನ ಮದಗ ಮಾತ್ರ ಇಲ್ಲ. ಇಲ್ಲದ ಜಾಗಕ್ಕೆ ಹಕ್ಕು ಹೇಗೆ ಕೇಳುದು?"

ನಾನು ಎದ್ದು ನಿಂತು ಚೀಟಿ ಕೊಟ್ಟೆ. ಅಧಿಕಾರಿ ಎರಡು ಸಾಕ್ಷಿ ಓದಿದರು, ಮೂರನೆಯ ಗೆರೆ ಓದಿದರು. ಚೀಟಿ ತಿರುಗಿಸಿ ಹಿಂಬದಿ ನೋಡಿದರು. ಅಲ್ಲಿ ಏನಿತ್ತು, ಮಣ್ಣು!

"ನಿಮ್ಮ ಕಚೇರಿಯೇ ಒಪ್ಪದ ಚೀಟಿಯನ್ನು ನಾನು ಹೇಗೆ ಒಪ್ಪಲಿ ಮಾಸ್ಟ್ರೇ? ಇವರು ಆಗ ಯಾಕೆ ಹೆಸರು ಹೇಳಲಿಲ್ಲ?"

"ಗಂಡನ ಹೆಸರು ಸರ್. ಹೆಂಗಸರು ಹೇಳುವುದಿಲ್ಲ."

"ಅದನ್ನು ಇದರಲ್ಲಿ ಬರೆದಿದ್ದೀರಾ?"

"ಇಲ್ಲ."

ಅಧಿಕಾರಿ ಪೆನ್ನು ಕೆಳಗಿಟ್ಟರು. ಮೆಲ್ಲಗೆ ಅಪ್ಪಿಯಕ್ಕನ ಕಡೆ ತಿರುಗಿ, "ನೀವಾದರೂ ಈಗ ಹೇಳಿ ಅಮ್ಮ, ಆ ಜಾಗದ ಹೆಸರೆಂತ?" ಎಂದು ಕೇಳಿದರು.

ಕೋಣೆಯಲ್ಲಿ ಹತ್ತು ಹನ್ನೆರಡು ಗಂಡಸರು. ಅಪ್ಪಿಯಕ್ಕ ನನ್ನ ಮುಖ ನೋಡಿದಳು. ನಾನು ತಲೆ ತಗ್ಗಿಸಿದೆ. ಅವಳು ಎದ್ದು ನಿಂತಳು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ಗೋಡೆಯ ಕಡೆ ತಿರುಗಿದಳು. "ತ್ಯಾಂಪ," ಎಂದಳು. ಮೊದಲು ಬರೀ ಅಷ್ಟೇ. ಮತ್ತೆ, "ತ್ಯಾಂಪನ ಮದಗ," ಎಂದಳು. ಎಷ್ಟೋ ವರ್ಷ ಒಟ್ಟಿಗೆ ಬಾಳಿದ ಮನುಷ್ಯನ ಹೆಸರು ಅವಳ ಬಾಯಲ್ಲಿ ಬಂದದ್ದು ಅದೇ ಮೊದಲು.

ವಕೀಲರು ಶಾಂತವಾಗಿ ಹೇಳಿದರು, "ಕೇಸು ಬಂದ ಮೇಲೆ ಹೇಳಿದ ಮಾತು ಇದು. ಜಾಗ ಬೇಕಾದವರೇ ಹೇಳಿದ ಮಾತು."

ಅಧಿಕಾರಿ ಚೀಟಿಯನ್ನು ಇನ್ನೊಮ್ಮೆ ತಿರುಗಿಸಿ ನೋಡಿ ನನ್ನ ಕೈಗೆ ಹಿಂದೆ ಕೊಟ್ಟರು. ಕೊನೆಗೆ, "ಅದು ಸರಿ," ಎಂದರು. ಅವರನ್ನು ನಾನು ಬೈಯುವುದಿಲ್ಲ. ಕಾಗದ ನೋಡಿ ಕೆಲಸ ಮಾಡುವವರಿಗೆ ಕಾಗದ ಕೊಡಬೇಕಾದವ ನಾನು.

ಹೊರಗೆ ನಲ್ಲಿಯ ಹತ್ತಿರ ಅವಳು ಬಾಯಿ ತೊಳೆದುಕೊಂಡಳು. ಒಂದು ಸಲವಲ್ಲ, ಮೂರು ನಾಲ್ಕು ಸಲ. "ಪೊರ್ಬುಗಳೇ, ಸರಿಯಾಗಿ ಹೇಳಿದೆನಾ?" ಎಂದು ಕೇಳಿದಳು. "ಸರಿಯಾಗಿ ಹೇಳಿದ್ರಿ," ಎಂದೆ. "ಹಾಗಾದ್ರೆ ಬಿಡ್ಲಿಕ್ಕಿಲ್ಲ ಅಲ್ವಾ, ಮನೆ?" ಅವಳಿಗೆ ಒಳಗಿನ ಮಾತು ಅರ್ಥವಾಗಿರಲಿಲ್ಲ. ಅರ್ಥ ಮಾಡಿಸಿದವನೂ ನಾನೇ. ಅವಳು ಅಳಲಿಲ್ಲ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಸ್ಸಿನ ಕಡೆ ನಡೆದಳು.

ಮಣಿಪಾಲಕ್ಕೆ ಬಂದು ಉಪಾಧ್ಯಾಯರಿಗೆ ಎಲ್ಲ ಹೇಳಿದೆ. ನಿಯಮದ ಮೇಲೆ ತಪ್ಪು ಹಾಕುವ ಆಸೆ ನನಗೆ ಒಳಗೊಳಗೇ ಇತ್ತು, ಸುಳ್ಳು ಯಾಕೆ ಹೇಳಲಿ. "ನೀವೇ ಅಲ್ವಾ ಸರ್ ಹೇಳಿಕೊಡಬಾರದು ಅಂತ..." ಎಂದು ಶುರುಮಾಡಿದೆ. ಅವರು ಚೀಟಿ ತೆಗೆದುಕೊಂಡರು, ಅಧಿಕಾರಿ ಮಾಡಿದ ಹಾಗೆಯೇ ತಿರುಗಿಸಿದರು.

"ಬೆನ್ನಿಗೆ ಇಷ್ಟು ಜಾಗ ಇತ್ತಲ್ಲ ಮಾರಾಯ," ಎಂದರು. "ಗಂಡನ ಹೆಸರು, ಹೇಳುವುದಿಲ್ಲ, ಕೈಯಿಂದ ತೋರಿಸಿದರು. ಒಂದು ಸಾಲು. ನಾನು ಕಣ್ಣು ಮುಚ್ಚಿ ಕೆಂಪು ನೂಲು ಹಾಕ್ತಿದ್ದೆ." ಆಮೇಲೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಆ ದೊಡ್ಡ ಮನುಷ್ಯರ ಕಣ್ಣು ಒದ್ದೆಯಾದದ್ದು ನಾನು ನೋಡಿದ್ದು ಅದೊಂದೇ ಸಲ.

ಮನೆಯಲ್ಲಿ ಸಿಸಿಲಿಯಾಳಿಗೂ ಹೇಳಿದೆ. ಅವಳು ಮೀನು ಕೊಯ್ಯುತ್ತಿದ್ದಳು. ಕತ್ತಿ ನಿಲ್ಲಿಸಿ, "ಆವತ್ತು ಉಂಡ ಹುರುಳಿ ಅವಳದ್ದಾ?" ಎಂದು ಕೇಳಿದಳು. ಹೌದೆಂದೆ. "ಚೀಟಿ ಹಿಡಿದು ನನ್ನನ್ನು ಕೇಳಿದ್ದರೆ ನಾನೂ ಹೇಳ್ತಿರಲಿಲ್ಲ. ಆಗಲೂ 'ಹೆಸರು ಹೇಳಲಿಲ್ಲ' ಅಂತಲೇ ಬರೀತಿದ್ರಾ?" ಎಂದಳು. ನನ್ನ ಸಿಟ್ಟು ಎಲ್ಲಿಗೋ ಹೋಗಿತ್ತು.

ಮುಂದಿನ ಬೇಸಿಗೆಯೊಳಗೆ ಮದಗ ಹೋಯಿತು. ದಂಡೆಗೆ ಸಿಡಿಮದ್ದು ಇಟ್ಟರಂತೆ. ನಾನು ನೋಡಲಿಕ್ಕೆ ಹೋಗಲಿಲ್ಲ.

ಆಮೇಲೆ ಕೆಲಸದ ಕ್ರಮ ಬಹಳ ಬದಲಾಯಿತು. ಹಾರ್ಮೋನಿಯಂ ಪೆಟ್ಟಿಗೆಯಷ್ಟು ದೊಡ್ಡ ಟೇಪ್ ರೆಕಾರ್ಡರು ಬಂತು. ಅದನ್ನು ಹೊರಲಿಕ್ಕೆ ಒಬ್ಬ, ಅದರ ಮುಂದೆ ಮಾತಾಡಿ ಎಂದು ಬೇಡಲಿಕ್ಕೆ ಇನ್ನೊಬ್ಬ. ನಾನು ಮಾತ್ರ ಪ್ರತಿ ಚೀಟಿಯ ಹಿಂಬದಿಯಲ್ಲೂ ಬರೆಯತೊಡಗಿದೆ. ಯಾರು ನಕ್ಕರು, ಯಾರು ತಲೆ ತಗ್ಗಿಸಿದರು, ಯಾರು ಬೆರಳು ತೋರಿಸಿದರು, ಎಲ್ಲ. ಮುಂಬದಿಗಿಂತ ಹಿಂಬದಿಯೇ ಉದ್ದವಾಗುತ್ತಿತ್ತು. ಹೊಸಬರು ನಗುತ್ತಿದ್ದರು. ನಗಲಿ.

ಅಪ್ಪಿಯಕ್ಕನನ್ನು ಮತ್ತೆ ನೋಡಿದ್ದು ಒಂದೇ ಸಲ, ಎರಡು ಮೂರು ವರ್ಷದ ನಂತರ, ನಿಟ್ಟೆಯಲ್ಲಿ. ಚೀಟಿ ಕೆಲಸಕ್ಕೇ ಹೋಗಿದ್ದೆ. ತಂಗಿಯ ಮಗಳ ಮನೆಯ ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದಳು. ಸೊರಗಿದ್ದಳು, ಆದರೆ ಗುರುತು ಹಿಡಿದಳು. "ಬನ್ನಿ ಪೊರ್ಬುಗಳೇ!" ಅದೇ ದನಿ. ಮತ್ತೆ ನೀರು, ಮತ್ತೆ ಬೆಲ್ಲ. ನಾನು ಲೋಟವನ್ನು ಬದಿಗಿಟ್ಟೆ.

ಸ್ವಲ್ಪ ಹೊತ್ತು ಅದೂ ಇದೂ ಮಾತಾಡಿದ ಮೇಲೆ ಅವಳು ಬೀಡಿಯ ಮೊರ ಬದಿಗಿಟ್ಟಳು. "ಒಂದು ಕೇಳ್ಲಿಕ್ಕುಂಟು. ಅವರು ಸತ್ತರೂ ಆ ನೀರಿನಲ್ಲಿ ಇದ್ದಾರೆ ಅಂತ ನನ್ನ ಮನಸ್ಸಿಗೆ. ಆವತ್ತು ಅಷ್ಟು ಜನರ ಎದುರು ಹೆಸರು ಎತ್ತಿದೆ, ಅದೂ ಹೋಯ್ತು. ನಾನು ಬಾಯಿ ಬಿಟ್ಟದ್ದಕ್ಕೇ ಹೋಯ್ತು ಅಂತ ಕಾಣ್ತದೆ, ಹೌದಾ?"

ಅಲ್ಲ ಅಪ್ಪಿಯಕ್ಕ, ಹೋದದ್ದು ನನ್ನಿಂದ, ಆವತ್ತೇ ನನಗೆ ಗೊತ್ತಿತ್ತು, ಗೊತ್ತಿದ್ದೂ ಬರೆಯಲಿಲ್ಲ. ಇಷ್ಟು ಹೇಳಬೇಕಿತ್ತು. ಬಾಯಿಯವರೆಗೆ ಬಂತು. ಧೈರ್ಯ ಬರಲಿಲ್ಲ. "ಹಾಗಲ್ಲ, ಹಾಗಲ್ಲ," ಎಂದೆ ಅಷ್ಟೇ.

"ಹೋಗ್ಲಿ. ಪುಸ್ತಕದಲ್ಲಾದರೂ ಬಂತಾ?"

"ಬಂತು," ಎಂದೆ. ಹೇಗೆ ಬಾಯಿಗೆ ಬಂತೋ ಗೊತ್ತಿಲ್ಲ.

ಅವಳ ಮುಖ ಅರಳಿತು. "ಬಂತಾ? ಎಲ್ಲುಂಟು? ಒಮ್ಮೆ ಓದಿ ಹೇಳಿ ನೋಡುವ. ನನಗೆ ಓದ್ಲಿಕ್ಕೆ ಬರುದಿಲ್ಲ. ಹೇಳ್ಲಿಕ್ಕೂ ಬರುದಿಲ್ಲ. ಕೇಳ್ಲಿಕ್ಕಾದರೂ ಆಗ್ತದಲ್ವಾ."

ಚೀಲದಲ್ಲಿ ಸಂಪುಟವಿತ್ತು, ಹಳ್ಳಿಗೆ ಹೋಗುವಾಗ ಯಾವಾಗಲೂ ಇರುತ್ತಿತ್ತು. ತೆಗೆದೆ. ಆ ಗ್ರಾಮದ ಪುಟ ಬಿಡಿಸಿದೆ. ಬೆರಳು ಇಟ್ಟುಕೊಂಡು, ಇಲ್ಲದ ಸಾಲನ್ನು ಇದ್ದ ಹಾಗೆ ಓದಿದೆ: "ತ್ಯಾಂಪನ ಮದಗ. ಗುಡ್ಡೆಯ ಅರ್ಧದಲ್ಲಿ, ಎರಡು ಬಂಡೆಗಳ ನಡುವೆ. ತ್ಯಾಂಪ ಎಂಬವರು ಹತ್ತು ವರ್ಷ ದಿನಕ್ಕೆ ನಾಲ್ಕು ಕಲ್ಲಿನಂತೆ ಇಟ್ಟು ಕಟ್ಟಿದ್ದು. ಬೇಸಿಗೆಯಲ್ಲೂ ನೀರುಂಟು."

ಗಂಡನ ಹೆಸರು ಕಿವಿಗೆ ಬಿದ್ದ ಕೂಡಲೇ ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಕಣ್ಣು ಮುಚ್ಚಿ ಕೇಳಿದಳು. ಮುಗಿದ ಮೇಲೆ, "ಇನ್ನೊಮ್ಮೆ," ಎಂದಳು. ಇನ್ನೊಮ್ಮೆ ಓದಿದೆ. ಶಬ್ದ ಆಚೀಚೆ ಆಗದ ಹಾಗೆ ಓದಿದೆ.

ಆ ಸಂಪುಟದ ಎರಡನೆಯ ಮುದ್ರಣ ಆಗಲಿಲ್ಲ. ಉಪಾಧ್ಯಾಯರು ತೀರಿಕೊಂಡರು, ಕಚೇರಿ ಮುಚ್ಚಿತು, ನಾನು ಬೇರೆ ಕಡೆ ದುಡಿದು ನಿವೃತ್ತನಾದೆ. ಅಪ್ಪಿಯಕ್ಕ ತೀರಿಕೊಂಡ ಸುದ್ದಿಯೂ ನನಗೆ ತಡವಾಗಿ ಬಂತು. ಚೀಟಿ ನನ್ನ ಹತ್ತಿರ ಉಂಟು, ಹಿಂಬದಿ ಇನ್ನೂ ಖಾಲಿ. ಈಗ ನಾನು ಬರೆದರೆ ಅದು ಕೇಸು ಬಂದ ಮೇಲೆ ಹೇಳಿದ ಮಾತು.

ಮಕ್ಕಳೇ, ನೀವು ಹೊಸ ಕೋಶ ಮಾಡುವವರು. ಯಾರಿಗೆ ಎಂತ ಪ್ರಯೋಜನ ಎಂದು ಕೇಳಿದಿರಲ್ಲ, ಈಗ ಹೇಳಿದೆ. ಇನ್ನು ನನ್ನದೊಂದು ಬೇಡಿಕೆ. ನಾನು ಅವಳಿಗೆ ಓದಿ ಹೇಳಿದ ಆ ನಾಲ್ಕು ಸಾಲುಗಳನ್ನು ಒಂದಕ್ಷರ ಬದಲಿಸದೆ ಆ ಗ್ರಾಮದ ಪುಟದಲ್ಲಿ ಸೇರಿಸಿ. ಮದಗ ಈಗಿಲ್ಲ ಎಂದು ಯಾರಾದರೂ ಆಕ್ಷೇಪ ಮಾಡಿಯಾರು, ಮಾಡಲಿ. ಬೇಸಿಗೆಯಲ್ಲೂ ನೀರುಂಟು ಎಂದೇ ಬರೆಯಿರಿ. ಅವಳು ಕೇಳಿದ್ದು ಹಾಗೆ.